ಅಮಾಸಿ ಕಳೆದ ಮೇಲೆ ಹಿಡಿಯುವ ಪೆಡಲ್

ಕ್ಲಚ್ ಪೆಡಲ್ ಹಿಡಿಯುತ್ತದೆ ಎಂದು ಯಾರಾದರೂ ಹಳೆಯ ಕಾರು ತಂದು ನಿಲ್ಲಿಸಿದರೆ, ಪಾನಾ, ಅಂದರೆ ಸ್ಪ್ಯಾನರ್, ಕೈಗೆತ್ತಿಕೊಳ್ಳುವ ಮೊದಲು ಆ ಮನುಷ್ಯ ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಈ ಒಂದು ಮಾತು ಹೇಳಲು ನನಗೆ ಇಷ್ಟು ಪುಟ ಬೇಕಾಗಿವೆ. ಮೂವತ್ತೆಂಟು ವರ್ಷ ಗಾಡಿಗಳ ಕೆಳಗೆ ಮಲಗಿ ಎದ್ದವನು ನಾನು. ಇದನ್ನು ಕಲಿತದ್ದು ಆ ಕೆಲಸದ ಮೂವತ್ತನೆಯ ವರ್ಷದಲ್ಲಿ, ಅದೂ ಏನೂ ತಪ್ಪಿಲ್ಲದ ಒಬ್ಬ ಡ್ರೈವರನ ಕೈಯಿಂದ ಸ್ಟೇರಿಂಗ್ ತಪ್ಪಿಸಿದ ಮೇಲೆ.

ಜಹೀರಾಬಾದಿನಲ್ಲಿ ಗ್ಯಾರೇಜ್ ನಡೆಸುವ ನನ್ನ ಅಳಿಯ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಅವನ ಬಳಿ ಈಗ ಕೆಲಸಕ್ಕೆ ಬರುವವರೆಲ್ಲ ಓದಿದವರು. ಗಾಡಿಗೆ ಒಂದು ಯಂತ್ರ ಸಿಕ್ಕಿಸಿ, ಪರದೆಯ ಮೇಲೆ ಏನು ಬರುತ್ತದೆ ಎಂದು ನೋಡುತ್ತಾರೆ. ನನಗೂ ಅಂಥದ್ದೊಂದು ಸಿಕ್ಕಿದ್ದರೆ ಬೆನ್ನು ಇನ್ನಷ್ಟು ಗಟ್ಟಿಯಾಗಿ ಉಳಿಯುತ್ತಿತ್ತು. ಆದರೆ ಹಳೆಯ ಕಾರಿನ ಪೆಡಲ್ಲಿಗೂ ಕರೆಂಟಿಗೂ ಸಂಬಂಧವಿಲ್ಲ, ಅದರ ಸುದ್ದಿ ಯಾವ ಪರದೆಗೂ ಬರುವುದಿಲ್ಲ. "ಮಾಮಾ, ನಿಮ್ಮ ಶಾಣೇತನ ಬರೀಬ್ಯಾಡ್ರಿ. ಎಲ್ಲಿ ತಪ್ಪಿದ್ರಿ ಅದು ಬರೀರಿ, ಕೆಲಸಕ್ಕ ಬರ್ತದ," ಎಂದ ಅಳಿಯ. ಮಾವನಿಗೆ ಹೇಳುವ ಮಾತೇ ಇದು? ಆದರೂ ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ನಾನು ಕೆಲಸ ಕಲಿತದ್ದು ಅದೇ ಜಹೀರಾಬಾದಿನಲ್ಲಿ, ಹೆದ್ದಾರಿಯ ಪಕ್ಕದ ಒಂದು ತಗಡಿನ ಶೆಡ್ಡಿನಲ್ಲಿ. ನನ್ನ ಉಸ್ತಾದ್ ಖಾದರ್ ಮಿಯಾ. ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ಉಸಿರಿನಲ್ಲಿ ಬೆರೆಸಿ ಮಾತಾಡುತ್ತಿದ್ದರು. ಬೈಗುಳ ಮಾತ್ರ ಕಲಬೆರಕೆ ಇಲ್ಲದ ಉರ್ದು. ಗಾಡಿ ಒಳಗೆ ಬಂದ ಕೂಡಲೇ "ಇದು ಇಂಥದೇ" ಎಂದು ಹೇಳುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಪೈಲೆ ಅಲಗ್ ಕರ್, ಬಾದ್ ಮೇ ಬೋಲ್" ಎನ್ನುತ್ತಿದ್ದರು. ಮೊದಲು ಬೇರೆ ಮಾಡು, ಆಮೇಲೆ ಮಾತಾಡು ಎಂದರ್ಥ. ನಾವು ಅದನ್ನು ದಿನಕ್ಕೆ ಹತ್ತು ಸಲ ಕೇಳಿ, ಹತ್ತು ಸಲವೂ ತಲೆಯಾಡಿಸಿ ಮರೆಯುತ್ತಿದ್ದೆವು.

ಬೇರೆ ಮಾಡುವುದು ಎಂದರೇನು ಎಂದು ಹೇಳಿಬಿಡುತ್ತೇನೆ. ಹಳೆಯ ಕಾರಿನಲ್ಲಿ ಪೆಡಲ್ ಒತ್ತಿದರೆ ಒಂದು ಕೇಬಲ್ ಎಳೆಯುತ್ತದೆ. ಕೇಬಲ್ಲಿನ ಆಚೆ ತುದಿಯಲ್ಲಿ ಗೇರ್‌ಬಾಕ್ಸಿನ ಪಕ್ಕ ಒಂದು ತೋಳು ಇರುತ್ತದೆ, ಅದು ಒಳಗಿನ ಕ್ಲಚ್ ಪ್ಲೇಟಿನ ಮೇಲಿರುವ ಒತ್ತಡ ಬಿಡಿಸುತ್ತದೆ. ಆಗ ಇಂಜಿನ್ನಿಗೂ ಚಕ್ರಕ್ಕೂ ಸಂಬಂಧ ತಪ್ಪುತ್ತದೆ, ನೀವು ಗೇರ್ ಬದಲಿಸುತ್ತೀರಿ. ಕಾಲು ತೆಗೆದರೆ ಎಲ್ಲವೂ ಮರಳಿ ಜಾಗಕ್ಕೆ ಬರಬೇಕು. ಬರಲಿಲ್ಲವೆಂದರೆ ಹಿಡಿದಿರುವುದು ಪೆಡಲ್ಲಿನ ಬುಡವೋ, ಕೇಬಲ್ಲೋ, ಆಚೆಯ ತೋಳೋ. ಕೇಬಲ್ಲನ್ನು ಪೆಡಲ್ಲಿನಿಂದ ಕಳಚಿ ಪೆಡಲ್ ಒಂದನ್ನೇ ಕೈಯಲ್ಲಿ ಆಡಿಸಿ ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ಇದಕ್ಕೆ ಕಾಲು ಗಂಟೆ ಸಾಕು. ಆದರೆ ಸೀಟಿನ ಮೇಲೆ ಕಾಲು, ಪೆಡಲ್ಲಿನ ಹತ್ತಿರ ತಲೆ ಇಟ್ಟು ತಲೆಕೆಳಗಾಗಿ ಮಲಗಬೇಕು. ಹೊಟ್ಟೆ ಬಂದ ಮಿಸ್ತ್ರಿಗಳು ಈ ಕಾಲು ಗಂಟೆಯನ್ನು ಉಳಿಸಲಿಕ್ಕೆ ನೋಡುತ್ತಾರೆ, ನನ್ನ ಹಾಗೆ.

ನನ್ನ ಮೊದಲ ತಪ್ಪು ನಡೆದದ್ದು ತಾಂಡೂರಿನಲ್ಲಿ. ಅಲ್ಲಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಘಟಕದ ಮಾಲೀಕರೊಬ್ಬರ ಕಾರಿನ ಪೆಡಲ್ ಗಟ್ಟಿಯಾಗಿತ್ತು. ಉಸ್ತಾದ್ ನನ್ನನ್ನು ಬಸ್ಸು ಹತ್ತಿಸಿ ಕಳಿಸಿದರು. ನಾನು ಕೇಬಲ್ ಕಳಚಿ, ಅದರ ಕೊಳವೆಯ ಬಾಯಿಗೆ ಹಿಡಿಸುವಷ್ಟು ಗ್ರೀಸ್ ತುಂಬಿ, ಪೆಡಲ್ ಮೆತ್ತಗಾದದ್ದು ನೋಡಿ ಮೀಸೆ ತಿರುವಿಕೊಂಡು ಬಂದೆ. ಹದಿನೈದು ದಿನಕ್ಕೆ ಫೋನು ಬಂತು, ಪೆಡಲ್ ಮೊದಲಿಗಿಂತ ಗಟ್ಟಿ. ಮತ್ತೆ ಹೋಗಿ ಮತ್ತೆ ಗ್ರೀಸ್ ತುಂಬಿದೆ. ಮೂರನೆಯ ಸಲ ಉಸ್ತಾದರೇ ಬಂದರು. ಕೇಬಲ್ ಎಳೆದು ಬೆರಳಿಗೆ ಒರೆಸಿಕೊಂಡು ನನ್ನ ಮೂಗಿನ ಹತ್ತಿರ ಹಿಡಿದರು. ಬೂದು ಬಣ್ಣದ, ಗೋಡೆಗೆ ಮೆತ್ತಬಹುದಾದ ಗಾರೆ. ಆ ಊರಿನ ಗಾಳಿಯಲ್ಲೇ ಕಲ್ಲಿನ ಹಿಟ್ಟು ಇದೆ. ನಾನು ಹಾಕಿದ ಗ್ರೀಸು ಅದನ್ನೆಲ್ಲ ಹಿಡಿದು ಕೂಡಿಸಿತ್ತು. "ಎಣ್ಣಿ ಹಾಕಿದ್ರ ಎಲ್ಲಾ ಮಾಫ್ ಆತದ ಅನ್ಕೊಂಡಿ ಏನು?" ಎಂದರು ಉಸ್ತಾದ್. ಹೊಸ ಕೇಬಲ್ ಹಾಕಿ, ತುದಿಗಳಿಗೆ ರಬ್ಬರ್ ಟೊಪ್ಪಿಗೆ ತೊಡಿಸಿ, ಗ್ರೀಸ್ ಮುಟ್ಟದೆ ಬಂದೆವು.

ಆ ಮೇಲೆ ತಾಂಡೂರಿನ ಗಾಡಿಗಳಿಗೆ ನಾನೇ ಬೇಕು ಎನ್ನುವಂತಾಯಿತು. ಹತ್ತು ವರ್ಷ ಕಳೆಯುವುದರಲ್ಲಿ ಜಹೀರಾಬಾದ್, ತಾಂಡೂರು, ನಾರಾಯಣಖೇಡ ಮೂರು ಊರುಗಳಲ್ಲೂ ಕ್ಲಚ್ ಎಂದರೆ ವೀರಣ್ಣ ಮಿಸ್ತ್ರಿ ಎಂದು ಹೆಸರಾಯಿತು. ನಾನು ನಾರಾಯಣಖೇಡದಲ್ಲಿ ಸ್ವಂತ ಶೆಡ್ ಹಾಕಿಕೊಂಡೆ. ಶೆಡ್ಡಿನ ಮುಂದೆ ಚಹಾದ ಬಂಡಿ ಬಂತು, ಬಂಡಿಯ ಸುತ್ತ ಡ್ರೈವರುಗಳು ಸೇರತೊಡಗಿದರು. ನಾನು ಬಾನೆಟ್ ಎತ್ತದೆಯೇ ರೋಗ ಹೇಳುತ್ತೇನೆ ಎಂದು ಅವರು ಬೇರೆಯವರಿಗೆ ಹೇಳುತ್ತಿದ್ದರು. ಅದನ್ನು ಕೇಳಿ ಕೇಳಿ ನಾನೂ ನಂಬಿದೆ. ಹೆಸರು ಬಂದ ಮಿಸ್ತ್ರಿ ಬೇಗ ಮಾತಾಡುತ್ತಾನೆ, ತಡವಾಗಿ ನೋಡುತ್ತಾನೆ.

ಸಂಗಪ್ಪ ಸಾಹುಕಾರರು ನಾರಾಯಣಖೇಡದ ತೊಗರಿ ವ್ಯಾಪಾರಿ. ಅವರ ಮನೆಯಲ್ಲಿ ಒಂದು ಹಳೆಯ ಬಿಳಿ ಕಾರಿತ್ತು. ಅದನ್ನು ನಡೆಸುತ್ತಿದ್ದವನು ಬೀರಪ್ಪ, ಸಿರ್ಗಾಪುರದ ಕಡೆಯವನು. ಮನೆತನ ಕುರಿ ಸಾಕುವವರದು. ಇಬ್ಬರು ಅಣ್ಣಂದಿರು ಹಿಂಡಿನ ಹಿಂದೆ ಇದ್ದರು. ಇವನೊಬ್ಬ ಹಟ ಹಿಡಿದು ಡ್ರೈವಿಂಗ್ ಕಲಿತು, ಲೈಸೆನ್ಸ್ ಮಾಡಿಸಿ, ಆ ಮನೆಗೆ ಸೇರಿಕೊಂಡಿದ್ದ. ಆ ವಂಶದಲ್ಲಿ ಸ್ಟೇರಿಂಗ್ ಹಿಡಿದ ಮೊದಲಿಗ. ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿಸಿ ಹಾಕುತ್ತಿದ್ದ, ಚಪ್ಪಲಿ ಬಿಟ್ಟು ಗಾಡಿ ಹತ್ತುತ್ತಿದ್ದ. ಮಾತು ಕಡಿಮೆ.

ಒಂದು ಮಧ್ಯಾಹ್ನ ಅವನು ಕಾರು ತಂದ. ಸಾಹುಕಾರರೂ ಜೊತೆಗಿದ್ದರು. ಗಾಡಿ ಏರಿನಲ್ಲಿ ಎಳೆಯುತ್ತಿರಲಿಲ್ಲ. ಇಂಜಿನ್ ಕೂಗುತ್ತದೆ, ಚಕ್ರ ಓಡುವುದಿಲ್ಲ. ಪ್ಲೇಟು ಸವೆದ ಲಕ್ಷಣ. ಇಳಿಸಿ ನೋಡಿದರೆ ಪ್ಲೇಟು ಕರಕಲಾಗಿ ಗಾಜಿನಂತೆ ಹೊಳೆಯುತ್ತಿತ್ತು. ಡ್ರೈವರ್ ಸದಾ ಪೆಡಲ್ಲಿನ ಮೇಲೆ ಕಾಲು ಊರಿಕೊಂಡು ಓಡಿಸಿದರೆ ಪ್ಲೇಟು ಹೀಗೆಯೇ ಸುಡುತ್ತದೆ. ಪೆಡಲ್ ಪೂರ್ತಿ ಮೇಲೆ ಬಾರದೆ ಪ್ಲೇಟು ಅರೆಬರೆ ಹಿಡಿದುಕೊಂಡು ಉಜ್ಜುತ್ತಲೇ ಇರುತ್ತದೆ.

ನಾನು ಹೊಸ ಪ್ಲೇಟು ಹಾಕಿ ಮುಗಿಸುವ ಹೊತ್ತಿಗೆ ಬೀರಪ್ಪ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ. "ಮಿಸ್ತ್ರಿ, ಪೆಡಲ್ ಪೂರಾ ಮ್ಯಾಲ ಬರಲ್ರಿ. ಕಡೀಗಿ ಎರಡು ಬಟ್ಟು ಕೆಳಗೇ ನಿಂದರ್ತದ. ಕಾಲಬಟ್ಟು ಹಾಕಿ ಎತ್ತಬೇಕಾತದ."

ನಾನು ಬಗ್ಗಿ ಕೈಯಿಂದ ಪೆಡಲ್ ಒತ್ತಿ ಬಿಟ್ಟೆ. ಚೆಂಡಿನ ಹಾಗೆ ಮೇಲೆ ಬಂತು. "ಬರೋಬರ್ ಬರಾಕತ್ತದಲ್ಲೋ?"

"ಈಗ ಬರ್ತದರಿ. ಮುಂಜಾನಿ ಬರಲ್ಲ."

"ದಿನಾ ಮುಂಜಾನಿ ಏನು?"

"ದಿನಾ ಇಲ್ರಿ." ಅವನು ದನಿ ಇನ್ನಷ್ಟು ಇಳಿಸಿದ. "ಅಮಾಸಿ ಆಗಿ ಮೂರು ನಾಕು ದಿನಕ್ಕ ಚಾಲೂ ಆತದ. ಎಂಟು ಹತ್ತು ದಿನ ಕಾಡ್ತದ. ಆಮ್ಯಾಲ ಕಮ್ಮಿ ಆತದ. ಮತ್ತ ಅಮಾಸಿ ಬಂತಂದ್ರ ಅದೇ ಹಾಡು. ನಾ ನಾಕು ತಿಂಗಳದಿಂದ ನೋಡೀನಿ."

ಈಗ ಬರೆಯುವಾಗ ಅನ್ನಿಸುತ್ತದೆ, ನನ್ನ ಮೂವತ್ತೆಂಟು ವರ್ಷದಲ್ಲಿ ಯಾವ ಡ್ರೈವರನೂ ಇಷ್ಟು ಚೆನ್ನಾಗಿ ಗಾಡಿಯ ರೋಗ ಹೇಳಿಲ್ಲ. ಯಾವ ಹೊತ್ತು, ಎಷ್ಟು ದಿನ, ಎಷ್ಟು ಬೆರಳು, ಎಲ್ಲ ಇತ್ತು ಅದರಲ್ಲಿ. ಆದರೆ ನನ್ನ ಕಿವಿಗೆ ಬಿದ್ದದ್ದು ಅಮಾಸಿ ಒಂದೇ. "ಹಂಗಾದ್ರ ಮಂತ್ರ ಹಾಕೋರ ಹತ್ರ ಒಯ್ಯೋ ಮಾರಾಯ, ನನ್ನ ಹತ್ರ ಯಾಕ ತಂದಿ? ಪಾನಾದಿಂದ ದೆವ್ವ ಬಿಡಸಾಕ ನನಗ ಬರಲ್ಲ," ಎಂದು ಜೋರಾಗಿಯೇ ಹೇಳಿದೆ. ಚಹಾದ ಬಂಡಿಯವರೆಗೆ ಕೇಳಿಸಿತು. ಅಲ್ಲಿದ್ದವರೆಲ್ಲ ನಕ್ಕರು. ನಗು ಬಂದರೆ ನನಗೆ ಹುರುಪು. ಸುಟ್ಟ ಪ್ಲೇಟನ್ನು ಎತ್ತಿ ಸಾಹುಕಾರರಿಗೆ ತೋರಿಸಿ, "ಪೆಡಲ್ ಮ್ಯಾಲ ಕಾಲಿಟ್ಟು ಓಡಿಸ್ಯಾನ್ರಿ. ಅನ್ನ ತಿನ್ನೋರನ್ನ ನೋಡೀನಿ, ಇಂವ ಕ್ಲಚ್ ತಿನ್ನಾಂವ," ಎಂದೆ. ಮತ್ತೆ ನಕ್ಕರು.

ಬೀರಪ್ಪನ ಮುಖ ಕೆಂಪಾಯಿತು. "ಬೀರದೇವ್ರ ಆಣಿ, ನಾ ಕಾಲು ಇಡಲ್ರಿ," ಎಂದ. ಸಾಹುಕಾರರು ಪ್ಲೇಟನ್ನು ಒಮ್ಮೆ ನೋಡಿದರು, ಅವನನ್ನು ಒಮ್ಮೆ ನೋಡಿದರು. "ತಪ್ಪು ಮಾಡಿ ದೇವ್ರ ಹೆಸರು ತರಬ್ಯಾಡ. ಚಾವಿ ಕೊಡು," ಎಂದರು. ಅವನು ಚಾವಿಯನ್ನು ಅಂಗಿಗೆ ಒರೆಸಿ ಕೊಟ್ಟ. ಸೀಟಿನ ಕೆಳಗಿನ ಚಪ್ಪಲಿ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಇಷ್ಟಕ್ಕೇ ಮುಗಿದಿದ್ದರೆ ಅವನು ಬೇರೆ ಕಡೆ ಸ್ಟೇರಿಂಗ್ ಹಿಡಿಯುತ್ತಿದ್ದ. ಆದರೆ ನಾನು ಆಡಿದ ಮಾತು ಅವನಿಗಿಂತ ಮುಂದೆ ಓಡಿತು. ಕಲ್ಹೇರಿನಲ್ಲಿ ಶಾಲೆಯ ವ್ಯಾನ್ ಇಟ್ಟಿದ್ದವರು ನನ್ನ ಹತ್ತಿರ ಬಂದು, "ಮಿಸ್ತ್ರಿ, ಆ ಬೀರಪ್ಪ ಹ್ಯಾಂಗ? ಕೆಲಸ ಕೇಳಾಕ ಬಂದಿದ್ದ," ಎಂದರು. "ಮನಷಾ ಒಳ್ಳೇಂವ. ಕಾಲು ಜರಾ ಭಾರ," ಎಂದೆ. ನನ್ನ ಲೆಕ್ಕದಲ್ಲಿ ಅದು ಅರ್ಧ ಹೊಗಳಿಕೆ. ಅವರು ಅವನನ್ನು ತೆಗೆದುಕೊಳ್ಳಲಿಲ್ಲ. ಬಾಡಿಗೆ ಜೀಪಿನವರೂ ತೆಗೆದುಕೊಳ್ಳಲಿಲ್ಲ. "ಕ್ಲಚ್ ತಿನ್ನೋ ಬೀರಪ್ಪ" ಎಂದು ಡ್ರೈವರುಗಳೇ ಕರೆಯತೊಡಗಿದರು. ಅವನು ಊರಿಗೆ ಹೋಗಿ ಅಣ್ಣಂದಿರ ಜೊತೆ ಕುರಿ ಕಾಯುತ್ತಾನೆ ಎಂದು ಯಾರೋ ಹೇಳಿದರು. ನಾನು ಕೇಳಿ ಮತ್ತೆ ಪಾನಾ ಹಿಡಿದೆ.

ಸಾಹುಕಾರರು ಬೇರೆ ಡ್ರೈವರನನ್ನು ಇಡಲಿಲ್ಲ, ತಾವೇ ಓಡಿಸಲು ಶುರುಮಾಡಿದರು. ಐದು ತಿಂಗಳಾದ ಮೇಲೆ ಒಂದು ದಿನ ಬಂದು, "ಮಿಸ್ತ್ರಿ, ಮತ್ತ ಏರಿನ್ಯಾಗ ಎಳಿವಲ್ದು," ಎಂದರು. ಇಳಿಸಿ ನೋಡಿದೆ. ನಾನೇ ಹಾಕಿದ ಹೊಸ ಪ್ಲೇಟು, ಅದೇ ಕರಕಲು, ಅದೇ ಹೊಳಪು. ಸಾಹುಕಾರರು ಪಕ್ಕದಲ್ಲೇ ನಿಂತಿದ್ದರು. ನೀವು ಪೆಡಲ್ ಮೇಲೆ ಕಾಲಿಟ್ಟು ಓಡಿಸುತ್ತೀರಿ ಎಂದು ಅವರಿಗೆ ಹೇಳಲಿಕ್ಕೆ ಬಾಯಿ ಬರಲಿಲ್ಲ. ಕೆಲಸದವನಿಗೆ ಚಹಾದ ಬಂಡಿಗೆ ಕೇಳುವ ಹಾಗೆ ಹೇಳಿದ ಮಾತು ಯಜಮಾನರ ಮುಂದೆ ಹೊರಡಲಿಲ್ಲ. "ಮಾಲು ಖೋಟಾ ಬಂದದ ಕಾಣ್ತದ್ರಿ," ಎಂದೆ. ಬೀರಪ್ಪನ ನೆನಪು ಆಗಲೇ ಬಂದಿತ್ತು. ಬಂದದ್ದನ್ನು ಓಡಿಸಿ, ಇನ್ನೊಂದು ಪ್ಲೇಟು ಹಾಕಿ, ಮೇಲಿಷ್ಟು ಇರಲಿ ಎಂದು ಪೆಡಲ್ಲಿನ ಸ್ಪ್ರಿಂಗನ್ನೂ ಬದಲಿಸಿ ಕಳಿಸಿದೆ. ನನ್ನ ಕೆಲಸದಲ್ಲಿ ನನಗೆ ಅತ್ಯಂತ ನಾಚಿಕೆಯಾಗುವ ದಿನ ಅದು. ಮೊದಲ ಸಲದ್ದು ಅವಸರ, ಎರಡನೆಯದು ಹೇಡಿತನ.

ಎಳ್ಳ ಅಮಾಸಿ ಬಂತು. ನಮ್ಮ ಕಡೆ ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೋಗಿ, ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲಿ, ಉಂಡು, ಸಂಜೆಗೆ ಬರುವುದು. ಅದಾಗಿ ನಾಲ್ಕನೆಯ ದಿನ ಬೆಳಿಗ್ಗೆ ಸಾಹುಕಾರರ ಫೋನು. "ಮಿಸ್ತ್ರಿ, ಪೆಡಲ್ ಮ್ಯಾಲ ಬರವಲ್ದು. ಮನೀಗೇ ಬಂದು ನೋಡ್ರಿ." ಮೈ ಕೊರೆಯುವ ಚಳಿ. ನಾನು ಮಫ್ಲರ್ ಸುತ್ತಿಕೊಂಡು ಹೋದೆ. ಸಾಹುಕಾರರು ಒಳಗೆ ಲಿಂಗಪೂಜೆಗೆ ಕುಳಿತಿದ್ದರು. ಅವರ ತಾಯಿ ನಾಗಮ್ಮನವರು ಅಂಗಳದ ಕಟ್ಟೆಯ ಮೇಲೆ ಹಸಿ ತೊಗರಿಕಾಯಿ ಬಿಡಿಸುತ್ತಿದ್ದರು. ಎಪ್ಪತ್ತು ದಾಟಿದ ಜೀವ, ಹಣೆಯ ತುಂಬ ವಿಭೂತಿ, ಕಣ್ಣು ಚುರುಕು.

ಕಾರಿನ ಬಾಗಿಲು ತೆಗೆದು ಪೆಡಲ್ ಒತ್ತಿ ಬಿಟ್ಟೆ. ಮೇಲೆ ಬಂತು, ಬಂತು, ಎರಡು ಬೆರಳು ಬಾಕಿ ಇರುವಾಗ ನಿಂತುಬಿಟ್ಟಿತು. ಮತ್ತೆ ಒತ್ತಿದೆ. ಮತ್ತೆ ಅಲ್ಲೇ ನಿಂತಿತು. ಬೀರಪ್ಪ ಹೇಳಿದ್ದ ಅಳತೆಯೇ ಅದು. ಅಷ್ಟು ವರ್ಷ ಉಳಿಸಿದ್ದ ಕಾಲು ಗಂಟೆಯನ್ನು ಅವತ್ತು ಖರ್ಚು ಮಾಡಿದೆ. ಸೀಟಿನ ಮೇಲೆ ಕಾಲು ಹಾಕಿ, ತಲೆ ಕೆಳಗೆ ತೂರಿಸಿ, ಬ್ಯಾಟರಿ ಬೆಳಕಿನಲ್ಲಿ ಕೇಬಲ್ಲಿನ ತುದಿಯನ್ನು ಪೆಡಲ್ಲಿನಿಂದ ಕಳಚಿದೆ. ಸ್ಪ್ರಿಂಗನ್ನೂ ಬಿಚ್ಚಿದೆ. ಈಗ ಪೆಡಲ್ ಯಾರ ಹಂಗೂ ಇಲ್ಲದೆ ಸಡಿಲವಾಗಿ ತೂಗಾಡಬೇಕು. ನಾನು ಎಲ್ಲಿ ಬಿಟ್ಟೆನೋ ಅಲ್ಲೇ ನಿಂತಿತು.

ಹಾಗಾದರೆ ಕೇಬಲ್ಲಿನದೂ ತಪ್ಪಿಲ್ಲ, ಪ್ಲೇಟಿನದೂ ತಪ್ಪಿಲ್ಲ, ಯಾರ ಕಾಲಿನದೂ ತಪ್ಪಿಲ್ಲ. ಪೆಡಲ್ ತಿರುಗುವ ಪಿನ್ನಿನ ಹತ್ತಿರ ಬೆರಳಿಟ್ಟೆ. ಅಂಟಿತು. ಉಗುರಿನಿಂದ ಕೆರೆದರೆ ಕಂದು ಬಣ್ಣದ ಜಿಗಟು. ಅಡುಗೆಮನೆಯ ಎಣ್ಣೆ ಡಬ್ಬದ ಹೊರಮೈಗೆ ಕಟ್ಟುತ್ತದಲ್ಲ, ಅಂಥದು. ಮೂಸಿ ನೋಡಿದೆ. ಕಮಟು ವಾಸನೆ. ಯಾವ ಗ್ಯಾರೇಜಿನ ಎಣ್ಣೆಯೂ ಹೀಗೆ ನಾರುವುದಿಲ್ಲ.

ನಾನು ಇನ್ನೂ ತಲೆಕೆಳಗಾಗಿಯೇ ಇದ್ದೆ. ಕಟ್ಟೆಯ ಮೇಲಿಂದ ನಾಗಮ್ಮನವರ ದನಿ ಬಂತು. "ಅಲ್ಲೇ ಹಿಡದದೇನೋ ವೀರಣ್ಣ? ಎಣ್ಣಿ ತರ್ಲಿ? ಅಮಾಸಿಗಿ ಹಾಕೀನಿ, ಸಾಲ್ದಾಗ್ಯದ ಕಾಣ್ತದ."

ನಾನು ಎದ್ದು ಕುಳಿತೆ. "ಯಾವ ಎಣ್ಣಿ ಅವ್ವಾ?"

"ಮತ್ಯಾವುದೋ? ಮನೀ ಕುಸುಬಿ ಎಣ್ಣಿ."

ಅವರು ಬಿಡಿಸಿ ಹೇಳಿದರು. ಪ್ರತಿ ಅಮಾಸಿಗೆ ಕಾರಿನ ಪೂಜೆ ಅವರದೇ. ಅವತ್ತು ಡ್ರೈವರನಿಗೆ ರಜೆ. ಗಾಡಿ ತೊಳೆಸಿ, ವಿಭೂತಿ ಹಚ್ಚಿ, ಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಡಿಸಿದ ಮೇಲೆ, ಹತ್ತಿಯ ಬತ್ತಿ ಅದ್ದಿ ಪೆಡಲ್ಲಿನ ಬುಡಕ್ಕೆ ನಾಲ್ಕು ಹನಿ ಎಣ್ಣೆ. ಮನೆಯಲ್ಲಿ ಎತ್ತಿನ ಬಂಡಿ ಇದ್ದ ಕಾಲದಿಂದ ಬಂದ ಪದ್ಧತಿ. ಅಮಾಸಿಗೆ ಬಂಡಿ ಹೂಡುವುದಿಲ್ಲ, ತೊಳೆದು ಅಚ್ಚಿಗೆ ಕೀಲೆಣ್ಣೆ ಹಾಕುವುದು. ಬಂಡಿ ಹೋಗಿ ಕಾರು ಬಂತು. ಕಾರಿನ ಚಕ್ರದಲ್ಲಿ ಎಣ್ಣೆ ಬಿಡುವ ಸಂದಿ ಅವರಿಗೆ ಕಾಣಲಿಲ್ಲ. ಒಂದು ದಿನ ಪೆಡಲ್ ಕಿರ್ ಎಂದದ್ದು ಕೇಳಿ, ಇಲ್ಲಿಯೇ ಹಾಕಬೇಕು ಎಂದು ತಿಳಿದುಕೊಂಡರು. "ಬಂಡಿಗಿ ಹರಳೆಣ್ಣಿ ಹಾಕ್ತಿದ್ವಿ. ಈಗ ಮನ್ಯಾಗ ಹರಳೆಣ್ಣಿ ಎಲ್ಲದ? ಕುಸುಬಿದು ಅದ, ಅದೇ ಹಾಕ್ದೆ. ಎಣ್ಣಿ ಎಣ್ಣಿನೇ ಅಲ್ಲೇನು?"

ಅಲ್ಲ. ಹೊಸಬರು ಇದೊಂದನ್ನು ಗುರುತು ಹಾಕಿಕೊಳ್ಳಿ. ಹರಳೆಣ್ಣೆ ಎಷ್ಟು ದಿನವಾದರೂ ಎಣ್ಣೆಯಾಗಿಯೇ ಉಳಿಯುತ್ತದೆ. ಕುಸುಬೆ ಎಣ್ಣೆ ಗಾಳಿಗೆ ಒಣಗಿ ಬಣ್ಣದ ಡಬ್ಬದ ಕೆನೆಯ ಹಾಗೆ ಕಟ್ಟುತ್ತದೆ. ಹಾಕಿದ ದಿನ ಪೆಡಲ್ ಬೆಣ್ಣೆಯ ಹಾಗೆ ಆಡುತ್ತದೆ, ಮೂರು ನಾಲ್ಕು ದಿನಕ್ಕೆ ಜಿಗಟಾಗುತ್ತದೆ, ಬೆಳಗಿನ ಚಳಿಗೆ ಹಿಡಿಯುತ್ತದೆ, ಮಧ್ಯಾಹ್ನದ ಬಿಸಿಲಿಗೆ ಬಿಡುತ್ತದೆ. ಒಂದು ವಾರ ತುಳಿದರೆ ಸವೆದು ಕಡಿಮೆಯಾಗುತ್ತದೆ. ಅಷ್ಟರಲ್ಲಿ ಮುಂದಿನ ಅಮಾಸಿ. ಬೀರಪ್ಪ ಹೇಳಿದ್ದ ಒಂದೊಂದು ಮಾತಿಗೂ ಅಲ್ಲಿ ಉತ್ತರವಿತ್ತು. ಕಾರು ನನ್ನ ಶೆಡ್ಡಿಗೆ ಬಂದದ್ದೆಲ್ಲ ಮಧ್ಯಾಹ್ನವೇ.

ಪಿನ್ ಎಳೆದು, ಸೀಮೆಎಣ್ಣೆಯಲ್ಲಿ ತೊಳೆದು, ಪಾಲಿಶ್ ಕಾಗದದಿಂದ ಉಜ್ಜಿ, ತೆಳುವಾದ ಮಷೀನ್ ಎಣ್ಣೆ ಎರಡು ಹನಿ ಬಿಟ್ಟು ಕೂಡಿಸಿದೆ. ಪೆಡಲ್ ಟಪ್ಪನೆ ಮೇಲೆ ಬಂತು. "ಅವ್ವಾ, ಇನ್ಮ್ಯಾಲ ಇದಕ್ಕ ಎಣ್ಣಿ ಹಾಕಬ್ಯಾಡ್ರಿ. ಅದೇ ಹಿಡೀತಿತ್ತು," ಎಂದೆ. ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ. ಸಾಹುಕಾರರಿಗೆ ಪೆಡಲ್ ಸರಿಯಾಯಿತು ಎಂದು ಹೇಳಿ ಹೊರಡುವುದು ನನ್ನ ಯೋಚನೆ.

ನಾಗಮ್ಮನವರ ಕೈ ತೊಗರಿಕಾಯಿಯ ಮೇಲೆ ನಿಂತಿತು. "ಹಂಗಾದ್ರ ಬೀರಪ್ಪ ಹೇಳಿದ್ದು ಖರೇ ಇತ್ತಲ್ಲೋ?"

ನಾನು ಪಾನಾ ಒರೆಸುತ್ತ ಕುಳಿತೆ.

"ನನ್ನ ಮುಂದನೂ ಅಂದಿದ್ದ, ಅಮಾಸಿ ಆದ ಮ್ಯಾಲ ಹಿಡೀತದ ಅಂತ. ಪೂಜಾದಾಗ ಏನೋ ಕಮ್ಮಿ ಬಿತ್ತು ಅನ್ಕೊಂಡು ನಾ ಇನ್ನಾ ಎರಡು ಹನಿ ಜಾಸ್ತಿ ಹಾಕ್ತಾ ಬಂದೆ." ಅವರು ತೊಗರಿಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದರು. "ನಡಿ, ಗಾಡಿ ತೆಗಿ. ಸಿರ್ಗಾಪುರಕ್ಕ ಹೋಗಮು."

"ಸಾವ್ಕಾರ್ರಿಗಿ ಒಂದು ಮಾತು..."

"ಅಂವ ಪೂಜಾ ಮುಗಸ್ಲಿ. ಅವನ ಅವ್ವ ಇದೀನಿ ನಾ."

ಗಾಡಿ ನಾನೇ ನಡೆಸಿದೆ. ದಾರಿಯುದ್ದಕ್ಕೂ ಪೆಡಲ್ ಚೆನ್ನಾಗಿ ಬರುತ್ತಿತ್ತು.

ಬೀರಪ್ಪ ಊರಾಚೆಯ ಕೊಯ್ದ ಹೊಲದಲ್ಲಿ ಹಿಂಡಿನ ಜೊತೆ ಇದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಕಾರು ಗುರುತಿಸಿ ಎದ್ದು ನಿಂತ, ಆದರೆ ಹತ್ತಿರ ಬರಲಿಲ್ಲ. ನಾಗಮ್ಮನವರೇ ಕೂಳೆ ತುಳಿಯುತ್ತ ಅವನ ತನಕ ನಡೆದರು.

"ಎಣ್ಣಿ ಹಾಕಿದಾಕಿ ನಾನು ಬೀರಪ್ಪಾ. ಪೆಡಲ್ ಹಿಡದಿದ್ದು ಅದ್ರಿಂದ. ಬೈಸಿಕೊಂಡಾಂವ ನೀನು. ಮನಸಿನ್ಯಾಗ ಇಟಗೋಬ್ಯಾಡಪ್ಪ, ಮನೀಗಿ ಬಾ."

"ಅವ್ವಾರೆ, ನೀವ್ಯಾಕ ಈ ಕೂಳ್ಯಾಗ ನಡೀತ ಬಂದ್ರಿ? ಹೇಳಿ ಕಳಿಸಿದ್ರ ನಾನೇ ಬರ್ತಿದ್ನಲ್ರಿ," ಎಂದು ಅವನು ಕಂಬಳಿ ಹಾಸಿ ಅವರನ್ನು ಕೂರಿಸಿದ. ಅವನ ಕಣ್ಣು ತುಂಬಿದ್ದು ನನಗೆ ಕಂಡಿತು.

ನಾನು ಹೋಗಿ, "ತಪ್ಪಾತು ಬೀರಪ್ಪಾ," ಎಂದೆ.

"ನಿಮಗ ಗೊತ್ತಾಗಿಲ್ಲ, ಅದು ತಪ್ಪಲ್ರಿ ಮಿಸ್ತ್ರಿ. ಗೊತ್ತಾಗವಲ್ದು ಅಂತ ಅಂದಿದ್ರ ಆಗ್ತಿತ್ತು." ಕೋಲಿನಿಂದ ಒಂದು ಮರಿಯನ್ನು ಹಿಂಡಿಗೆ ತಿರುಗಿಸಿದ. "ಅವತ್ತು ಅಲ್ಲಿ ನಕ್ಕೋರು ಏಳು ಮಂದಿ. ನಾ ಎಣಸೀನಿ. ನನ್ನ ಮುಂದ ಹೇಳಿದ್ರ ಏನು ಬಂತ್ರಿ? ಅವರಿಗಿ ಹೇಳ್ರಿ."

ಅವನು ಹೆಸರುಗಳನ್ನೂ ಹೇಳಿದ. ಕುರಿ ಎಣಿಸುವ ಮನೆಯವನು, ಒಂದೂ ತಪ್ಪಿರಲಿಲ್ಲ. ನನಗೆ ಇಬ್ಬರ ಹೆಸರು ಮರೆತೇ ಹೋಗಿತ್ತು.

ಹೇಳಿದೆ. ಐದು ಮಂದಿ ನಮ್ಮ ಚಹಾದ ಬಂಡಿಯಲ್ಲೇ ಸಿಕ್ಕರು. ಬೆಂಚಿನ ಹತ್ತಿರ ನಿಂತು, ಅವತ್ತು ನಾನು ಪೆಡಲ್ ಬಿಚ್ಚಿ ನೋಡದೆ ಮಾತಾಡಿದೆ, ಬೀರಪ್ಪ ಹೇಳಿದ್ದೇ ಖರೆ, ಅಮಾಸಿಗೆ ಎಣ್ಣೆ ಬೀಳುತ್ತಿತ್ತು ಎಂದೆ. ಅವರು ಮತ್ತೆ ನಕ್ಕರು, ಈ ಸಲ ನನ್ನನ್ನು ನೋಡಿ. ಆರನೆಯವನು ಜಹೀರಾಬಾದಿಗೆ ಮನೆ ಬದಲಿಸಿದ್ದ. ಬಸ್ಸಿನಲ್ಲಿ ಹೋಗಿ ಹೇಳಿ ಬಂದೆ. ಏಳನೆಯವನು ತಾಂಡೂರಿನಲ್ಲಿ ಕಲ್ಲಿನ ಲಾರಿ ಓಡಿಸುತ್ತಿದ್ದ. ಎರಡು ಸಲ ಹೋದರೂ ಸಿಗದೆ ಮೂರನೆಯ ಸಲ ಸಿಕ್ಕ. "ಇದನ್ನ ಹೇಳಾಕ ಇಲ್ಲಿ ತನಕ ಬಂದ್ರೇನು ಮಿಸ್ತ್ರಿ?" ಎಂದು ಆಶ್ಚರ್ಯಪಟ್ಟು ಚಹಾ ಕುಡಿಸಿದ. ಕಲ್ಹೇರಿನ ವ್ಯಾನಿನವರ ಹೆಸರು ಬೀರಪ್ಪನ ಲೆಕ್ಕದಲ್ಲಿ ಇರಲಿಲ್ಲ. ಅವರ ಮುಂದೆ ನಾನು ಹೇಳಿದ್ದು ಅವನಿಗೆ ಗೊತ್ತೇ ಇರಲಿಲ್ಲ. ಅಲ್ಲಿಗೂ ಹೋದೆ. ಅದು ಉಳಿದೆಲ್ಲಕ್ಕಿಂತ ಕಷ್ಟವಾಯಿತು.

ಸಂಕ್ರಾಂತಿ ಕಳೆದ ಮೇಲೆ ಬೀರಪ್ಪ ಸಾಹುಕಾರರ ಮನೆಗೆ ಮರಳಿದ. ಸಾಹುಕಾರರು ತಾಯಿಯ ಮಾತಿಗೆ ಎದುರಾಡಲಿಲ್ಲ, ಚಾವಿ ಕೊಟ್ಟರು. ನಾಗಮ್ಮನವರಿಗೆ ನಾನೊಂದು ಸಣ್ಣ ಮಷೀನ್ ಎಣ್ಣೆಯ ಕುಪ್ಪಿ ಕೊಟ್ಟು, ವರ್ಷಕ್ಕೆ ಎರಡು ಸಲ ಸಾಕು ಎಂದೆ. ಅವರು ಅದಕ್ಕೂ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲೆ ಇಟ್ಟುಕೊಂಡರು. ಆ ಕಾರಿನ ಪ್ಲೇಟು ಮತ್ತೆ ಸುಟ್ಟಿದ್ದು ನಾನು ಕೇಳಲಿಲ್ಲ.

ಆಮೇಲೆ ನಾನು ಎಂಟು ವರ್ಷ ಕೆಲಸ ಮಾಡಿದೆ. ಗಾಡಿ ತಂದವರು ಏನು ಹೇಳಿದರೂ, ಗ್ರಹಣ ಎಂದರೂ ಹುಣ್ಣಿಮೆ ಎಂದರೂ, ಮೊದಲು ಕೇಳಿಸಿಕೊಂಡೆ. ಅವರು ಹೇಳುವ ಕಾರಣ ತಪ್ಪಿರಬಹುದು, ಕಂಡದ್ದು ತಪ್ಪಿರುವುದಿಲ್ಲ. ಹೊಸಬರಿಗೆ ನಾನು ಕೊಡಬಹುದಾದದ್ದು ಇಷ್ಟೇ.

ಬೀರಪ್ಪ ಆ ಎಂಟು ವರ್ಷವೂ ನನ್ನ ಶೆಡ್ಡಿನ ಮುಂದಿನಿಂದಲೇ ಓಡಾಡಿದ. ಒಂದು ದಿನವೂ ಮುಖ ತಿರುಗಿಸಲಿಲ್ಲ. ವೇಗ ಕಡಿಮೆ ಮಾಡಿ, ಕಿಟಕಿಯಿಂದ ಕೈ ಹೊರಗೆ ಹಾಕಿ, "ಶರಣ್ರಿ ಮಿಸ್ತ್ರಿ," ಎನ್ನುತ್ತಿದ್ದ. ನಾನೂ ಕೈ ಎತ್ತುತ್ತಿದ್ದೆ. ಒಂದು ಸಲ ಆ ಕಾರಿನ ಫ್ಯಾನ್ ಬೆಲ್ಟ್ ಕೀರಲು ದನಿ ಮಾಡುತ್ತಿತ್ತು. ಐದು ನಿಮಿಷದ ಕೆಲಸ. ನಾನು ಪಾನಾ ಹಿಡಿದು ಎದ್ದು ಬಾಗಿಲಿಗೆ ಬಂದೆ. ಅವನು ಎಂದಿನಂತೆ ಶರಣು ಹೇಳಿ, ಆ ಸದ್ದನ್ನು ಜೊತೆಯಲ್ಲೇ ಒಯ್ದು, ಅಷ್ಟು ದೂರದ ಜಹೀರಾಬಾದಿನಲ್ಲಿ ಬೆಲ್ಟ್ ಹಾಕಿಸಿಕೊಂಡು ಬಂದ.